ಮುಚ್ಚಳದ ಒಳಗಿನ ಸಂಖ್ಯೆ: ಸ್ಪೋರ್ಟ್ಸ್ ಕಾರಿಗೆ ಯಾವ ಪೆಟ್ರೋಲು?

ನಮಸ್ಕಾರ. ಈಗ ನಿಮಗೆ ಪರದೆಯ ಮೇಲೆ ಕಾಣುತ್ತಿರುವುದು ನನ್ನ ಕಾರಿನ ಪೆಟ್ರೋಲ್ ಟ್ಯಾಂಕಿನ ಮುಚ್ಚಳದ ಒಳಬದಿ. ಹೆಬ್ಬೆರಳಿನಷ್ಟು ಅಗಲದ ಈ ಚೀಟಿಯಲ್ಲಿ ‘ಕನಿಷ್ಠ 95 ಆರ್‌ಒಎನ್’ ಎಂದು ಮುದ್ರಿಸಿದ್ದಾರೆ. ಆರ್‌ಒಎನ್ ಎಂದರೆ ರಿಸರ್ಚ್ ಆಕ್ಟೇನ್ ನಂಬರ್, ಪೆಟ್ರೋಲಿನ ಆಕ್ಟೇನ್ ಸಂಖ್ಯೆಯ ಒಂದು ಬಗೆ. ಎರಡು ಲೀಟರಿನ ಟರ್ಬೊ ಎಂಜಿನ್ ಇರುವ ಈ ಸ್ಪೋರ್ಟ್ಸ್ ಕಾರನ್ನು ಸೆಕೆಂಡ್ ಹ್ಯಾಂಡಿನಲ್ಲಿ ಕೊಂಡು ಬದಿಯಡ್ಕದ ನಮ್ಮ ಮನೆಯಂಗಳಕ್ಕೆ ತಂದು ನಿಲ್ಲಿಸಿ ಎಂಟು ತಿಂಗಳು ಕಳೆದರೂ ನಾನು ಈ ಚೀಟಿಯನ್ನು ಓದಿರಲಿಲ್ಲ.

ಓದುವ ಸಂದರ್ಭ ಒದಗಿದ್ದು 2022ರ ಏಪ್ರಿಲಿನ ಒಂದು ಮಧ್ಯಾಹ್ನ. ಪಾಣತ್ತೂರು ದಾಟಿ ಕರಿಕೆಯ ಮಾರ್ಗವಾಗಿ ಭಾಗಮಂಡಲಕ್ಕೆ ಘಾಟಿ ಏರುತ್ತಿದ್ದೆವು. ಕಾರಿನಲ್ಲಿ ನಾಲ್ಕು ಜನ, ಹೊರಗೆ ಉರಿಬಿಸಿಲು, ಟ್ಯಾಂಕಿನಲ್ಲಿ ಸಾದಾ ಪೆಟ್ರೋಲು. ಒಂದು ತಿರುವು ಮುಗಿದ ಮೇಲೆ ಗೇರು ಇಳಿಸದೆ ಮೂರನೆಯದರಲ್ಲೇ ಆಕ್ಸಿಲರೇಟರ್ ಅದುಮಿದಾಗ, ಬಾನೆಟ್ಟಿನ ಒಳಗಿನಿಂದ, ತಗಡಿನ ಡಬ್ಬಿಗೆ ನಾಲ್ಕು ಒಣ ಅಡಿಕೆ ಹಾಕಿ ಕುಲುಕಿದಂತಹ ಸದ್ದು ಕೇಳಿಸಿತು. ಮರುಕ್ಷಣವೇ ಸದ್ದು ನಿಂತಿತು, ಅದರ ಜೊತೆಗೆ ಎಂಜಿನ್ನಿನ ಎಳೆತವೂ ತಗ್ಗಿತು. ದುಬೈಯಲ್ಲಿ ಬಹಳ ವರ್ಷ ದುಡಿದು ರಜೆಗೆ ಬಂದಿದ್ದ ಭಾವ ಹಿಂದಿನ ಸೀಟಿನಿಂದ, “ಅಲ್ಲಿ ಇ-ಪ್ಲಸ್ 91, ಸ್ಪೆಷಲ್ 95, ಸೂಪರ್ 98 ಅಂತ ಮೂರು ಬಗೆ ಉಂಟು. ನೀನು ಇದಕ್ಕೆ ಯಾವುದು ಹಾಕಿಸಿದ್ದು?” ಎಂದು ಕೇಳಿದರು. ಉತ್ತರ ನನಗೆ ಗೊತ್ತಿರಲಿಲ್ಲ.

ಆ ಸದ್ದಿಗೆ ನಾಕಿಂಗ್ ಎನ್ನುತ್ತಾರೆ. ಸಿಲಿಂಡರಿನೊಳಗೆ ಪೆಟ್ರೋಲು ಬೆರೆತ ಗಾಳಿಯನ್ನು ಪಿಸ್ಟನ್ ಸುಮಾರು ಹತ್ತನೆಯ ಒಂದು ಪಾಲಿಗೆ ಒತ್ತುತ್ತದೆ. ಟರ್ಬೊ ಇದ್ದರೆ ಅದಕ್ಕೂ ಮೊದಲೇ ಹೆಚ್ಚಿನ ಗಾಳಿಯನ್ನು ಒಳಗೆ ತುರುಕಿರುತ್ತದೆ. ಸ್ಪಾರ್ಕ್ ಪ್ಲಗ್ಗಿನ ಕಿಡಿಯಿಂದ ಹೊತ್ತಿದ ಜ್ವಾಲೆ ಒಂದು ಕಡೆಯಿಂದ ಹರಡುತ್ತಾ ಬರಬೇಕು. ಆದರೆ ಒತ್ತಡ ಮತ್ತು ಬಿಸಿ ಮಿತಿಮೀರಿದಾಗ, ಜ್ವಾಲೆ ಇನ್ನೂ ತಲುಪದ ಮೂಲೆಯಲ್ಲಿರುವ ಮಿಶ್ರಣ ತನ್ನಷ್ಟಕ್ಕೆ ಒಮ್ಮೆಲೇ ಸಿಡಿಯುತ್ತದೆ, ಆ ಆಘಾತ ಪಿಸ್ಟನ್ನಿಗೂ ಸಿಲಿಂಡರಿನ ಗೋಡೆಗೂ ಬಡಿಯುತ್ತದೆ. ಕಡಿಮೆ ಆರ್‌ಪಿಎಮ್, ಹೆಚ್ಚು ಭಾರ, ಏರುದಾರಿ, ಬೇಸಿಗೆಯ ಗಾಳಿ ಇವೆಲ್ಲ ಒಟ್ಟು ಸೇರಿದಾಗ ಇದರ ಸಾಧ್ಯತೆ ಅತಿ ಹೆಚ್ಚು. ಅಂದು ಕರಿಕೆಯ ಘಾಟಿಯಲ್ಲಿ ಇವುಗಳಲ್ಲಿ ಒಂದೂ ಬಾಕಿ ಇರಲಿಲ್ಲ.

ಪೆಟ್ರೋಲು ಹೀಗೆ ಸಿಡಿಯದೆ ಎಷ್ಟರ ಮಟ್ಟಿಗೆ ತಾಳಿಕೊಳ್ಳುತ್ತದೆ ಎಂಬುದರ ಅಳತೆಯೇ ಆಕ್ಟೇನ್ ಸಂಖ್ಯೆ. ಚೆನ್ನಾಗಿ ತಾಳಿಕೊಳ್ಳುವ ಐಸೊಆಕ್ಟೇನಿಗೆ 100, ಸುಲಭವಾಗಿ ಸಿಡಿಯುವ ಹೆಪ್ಟೇನಿಗೆ 0 ಎಂದು ಗೊತ್ತುಪಡಿಸಿದ್ದಾರೆ. ಒತ್ತುವ ಪ್ರಮಾಣವನ್ನು ಬದಲಿಸಬಹುದಾದ ಪರೀಕ್ಷಾ ಎಂಜಿನ್ನಿನಲ್ಲಿ ಒಂದು ಪೆಟ್ರೋಲು 95 ಪಾಲು ಐಸೊಆಕ್ಟೇನ್, 5 ಪಾಲು ಹೆಪ್ಟೇನ್ ಇರುವ ಮಿಶ್ರಣದಂತೆ ವರ್ತಿಸಿದರೆ ಅದು 95. ಆದ್ದರಿಂದ ಸಂಖ್ಯೆ ಏರಿದಂತೆ ಪೆಟ್ರೋಲಿನೊಳಗಿನ ಶಕ್ತಿಯೂ ಏರುತ್ತದೆ ಎಂಬ ನಂಬಿಕೆ ತಪ್ಪು. ಈ ತಪ್ಪು ನಂಬಿಕೆಯಿಂದ, 91 ಸಾಕಾಗುವ ಸಾಧಾರಣ ಕಾರಿಗೆ 100 ಆಕ್ಟೇನ್ ಹಾಕಿಸಿ ಹಣ ಕಳೆದುಕೊಳ್ಳುವವರನ್ನು ಕಂಡಾಗ ನನಗೆ ನಿಜವಾಗಿಯೂ ಬೇಸರವಾಗುತ್ತದೆ.

ಹಾಗಿದ್ದರೆ ಸ್ಪೋರ್ಟ್ಸ್ ಕಾರಿಗೆ ಹೆಚ್ಚಿನ ಸಂಖ್ಯೆ ಏಕೆ ಬೇಕು? ಎಂಜಿನ್ ಬ್ಲಾಕಿಗೆ ಬಿಗಿದಿರುವ ನಾಕ್ ಸೆನ್ಸರ್ ಡಾಕ್ಟರರ ಸ್ಟೆತಸ್ಕೋಪಿನಂತೆ ಸದಾ ಕಿವಿಗೊಟ್ಟಿರುತ್ತದೆ. ಸಿಡಿತದ ಕಂಪನ ಸಿಕ್ಕಿದ ಕೂಡಲೇ ಎಂಜಿನ್ನಿನ ಕಂಪ್ಯೂಟರ್ ಕಿಡಿ ಹಾರುವ ಸಮಯವನ್ನು ತುಸು ತಡಮಾಡುತ್ತದೆ, ಬೇಕಾದರೆ ಟರ್ಬೊದ ಒತ್ತಡವನ್ನೂ ಇಳಿಸುತ್ತದೆ. ಎಂಜಿನ್ ಉಳಿಯುತ್ತದೆ, ಆದರೆ ನೀವು ದುಡ್ಡು ಕೊಟ್ಟು ಕೊಂಡ ಶಕ್ತಿಯ ಒಂದು ಪಾಲು ರಸ್ತೆಗೆ ಇಳಿಯುವುದೇ ಇಲ್ಲ. ಅಂದು ನನ್ನ ಕಾರಿನ ಎಳೆತ ತಗ್ಗಿದ್ದಕ್ಕೆ ಇದೇ ಕಾರಣ. 95ಕ್ಕೆಂದು ರೂಪಿಸಿದ ಎಂಜಿನ್ನಿಗೆ 95 ಕೊಟ್ಟರೆ ಕಿಡಿಯ ಸಮಯ ತನ್ನ ಜಾಗದಲ್ಲೇ ಉಳಿಯುತ್ತದೆ. ಅದೇ ಎಂಜಿನ್ನಿಗೆ 100 ಕೊಟ್ಟರೆ, ರೀಮ್ಯಾಪ್ (ಎಂಜಿನ್ನಿನ ಕಂಪ್ಯೂಟರಿನ ಹೊಂದಾಣಿಕೆಯನ್ನು ಬದಲಿಸುವುದು) ಮಾಡಿಸದ ಹೊರತು, ನನಗಂತೂ ದಿನನಿತ್ಯದ ಓಡಾಟದಲ್ಲಿ ಯಾವ ವ್ಯತ್ಯಾಸವೂ ತಿಳಿದಿಲ್ಲ.

ಅಮೆರಿಕದ ವಿಡಿಯೊಗಳನ್ನು ನೋಡಿ ಕಲಿಯುವವರು ಇಲ್ಲಿ ಸ್ವಲ್ಪ ನಿಲ್ಲಬೇಕು. ಅಲ್ಲಿಯವರು “ಈ ಕಾರಿಗೆ 91 ಹಾಕಿ” ಎಂದಾಗ ನಮ್ಮ ಲೆಕ್ಕದ 91ನ್ನೇ ಹಾಕಿಸಿದರೆ ಕೆಟ್ಟಂತೆ. ಆರ್‌ಒಎನ್ ಮತ್ತು ಅದಕ್ಕಿಂತ ಕಠಿಣ ಪರೀಕ್ಷೆಯಾದ ಎಂಒಎನ್ (ಮೋಟರ್ ಆಕ್ಟೇನ್ ನಂಬರ್), ಇವೆರಡರ ಸರಾಸರಿಯನ್ನು ಅಮೆರಿಕದ ಬಂಕುಗಳು ತೋರಿಸುತ್ತವೆ; ಭಾರತ, ಯುರೋಪು ಮತ್ತು ಕೊಲ್ಲಿ ದೇಶಗಳು ಆರ್‌ಒಎನ್ ಒಂದನ್ನೇ ಬಳಸುತ್ತವೆ. ಅವರ 91 ನಮ್ಮ ಲೆಕ್ಕದಲ್ಲಿ ಸುಮಾರು 95 ಅಥವಾ 96. ನಮ್ಮ 91 ಅವರ ಅತಿ ಅಗ್ಗದ 87ಕ್ಕೆ ಹತ್ತಿರ. ಭಾವ ಹೇಳಿದ ದುಬೈಯ ಸಂಖ್ಯೆಗಳನ್ನಾದರೆ ಇಲ್ಲಿನ ಸಂಖ್ಯೆಗಳೊಂದಿಗೆ ನೇರವಾಗಿ ಹೋಲಿಸಬಹುದು.

ಇನ್ನು ನಮ್ಮ ಬಂಕಿನ ವಿಷಯ. “ನಾರ್ಮಲಾ, ಪವರಾ?” ಎಂದು ಹುಡುಗರು ಕೇಳುತ್ತಾರಲ್ಲ, ಆ ಹೆಸರನ್ನು ನಂಬಿ ಕೂರಬಾರದು. ಪ್ರೀಮಿಯಂ ಹೆಸರಿನಲ್ಲಿ ಮಾರುವ ಪೆಟ್ರೋಲಿನ ವಿಶೇಷ ಕೆಲವೊಮ್ಮೆ ಎಂಜಿನ್ ಶುಚಿಗೊಳಿಸುವ ರಾಸಾಯನಿಕ ಮಾತ್ರ ಆಗಿರಬಹುದು, ಆದ್ದರಿಂದ ಯಂತ್ರದ ಮೇಲೆ ಸಂಖ್ಯೆ ಏನಿದೆ ಎಂದು ನೋಡಿ. ಇಂಡಿಯನ್ ಆಯಿಲ್ 2020ರ ಡಿಸೆಂಬರಿನಲ್ಲಿ ಆಯ್ದ ನಗರಗಳಲ್ಲಿ ತಂದ ಎಕ್ಸ್‌ಪಿ100 ಎಲ್ಲ ಬಂಕಿನಲ್ಲಿ ಸಿಗುವುದಿಲ್ಲ, ಬೆಲೆಯೂ ಬಹಳ ಹೆಚ್ಚು. ಕಾಸರಗೋಡಿನವರಾದ ನಮಗೆ ತಲಪಾಡಿ ಗಡಿ ದಾಟಿದರೆ ಲೀಟರಿಗೆ ಕೆಲವು ರೂಪಾಯಿ ಉಳಿಯುತ್ತದೆ. ಮಂಗಳೂರಿಗೆ ಹೇಗೂ ಹೋಗುವ ದಿನ ಅಲ್ಲಿ 95 ಎಂದು ಬರೆದ ಪ್ರೀಮಿಯಂ ತುಂಬಿಸಿಕೊಂಡು ಬಂದರೆ, ಈ ಕಡೆಯ ಸಾದಾ ಪೆಟ್ರೋಲಿಗಿಂತ ಅದರ ಹೆಚ್ಚುವರಿ ಖರ್ಚಿನ ಭಾರ ಅಷ್ಟಾಗಿ ಕಾಣುವುದಿಲ್ಲ.

2022ರಲ್ಲಿ ಸಾದಾ ಪೆಟ್ರೋಲಿಗಿದ್ದ ಮಾನದಂಡ 91. ಈಗ ಬಂಕಿಗೆ ಬರುವುದು ಶೇಕಡಾ 20 ಎಥನಾಲ್ ಬೆರೆತ ಇ20. ಎಥನಾಲಿನ ಆಕ್ಟೇನ್ ಸುಮಾರು 108 ಇರುವುದರಿಂದ ಮಿಶ್ರಣದ ಸಂಖ್ಯೆಯೂ ಏರಿದ್ದು, ಇ20ರ ಆರ್‌ಒಎನ್ 95 ಎಂದು ಕೇಂದ್ರದ ಪೆಟ್ರೋಲಿಯಂ ಸಚಿವಾಲಯ 2025ರಲ್ಲಿ ತಿಳಿಸಿದೆ. ಸಂಖ್ಯೆಯ ಮಟ್ಟಿಗೆ ನನ್ನ ಮುಚ್ಚಳದ ಚೀಟಿಗೆ ಅಷ್ಟು ಸಾಕು. ಆದರೆ ಎಥನಾಲಿನಲ್ಲಿ ಲೀಟರಿಗೆ ಪೆಟ್ರೋಲಿಗಿಂತ ಸುಮಾರು ಮೂರನೆಯ ಒಂದು ಪಾಲು ಶಕ್ತಿ ಕಡಿಮೆ, ಹಾಗಾಗಿ ಇ20ರಲ್ಲಿ ಶೇಕಡಾ ಆರೇಳು ಕಡಿಮೆ. ಅದಕ್ಕಿಂತ ಮುಖ್ಯವಾಗಿ, ನಿಮ್ಮ ಕಾರಿನ ರಬ್ಬರ್ ಪೈಪುಗಳೂ ಸೀಲುಗಳೂ ಇ10ಕ್ಕೆ ತಯಾರಾದವೋ ಇ20ಕ್ಕೋ ಎಂಬುದನ್ನು ಕೈಪಿಡಿಯಲ್ಲಿ ಬೇರೆಯಾಗಿಯೇ ಹುಡುಕಬೇಕು. ಆಕ್ಟೇನ್ ಸಂಖ್ಯೆ ಅದನ್ನು ಹೇಳುವುದಿಲ್ಲ. ಪ್ರೀಮಿಯಂ ಎಂದ ಮಾತ್ರಕ್ಕೆ ಎಥನಾಲ್ ಇಲ್ಲವೆಂದು ತಿಳಿಯಬೇಡಿ, ಕೇಳಿ ಖಚಿತಪಡಿಸಿಕೊಳ್ಳಿ. ಎಥನಾಲ್ ತೇವವನ್ನೂ ಹೀರುತ್ತದೆ. ಆಟಿಯ ಮಳೆಯಲ್ಲಿ ಕಾರು ವಾರಗಟ್ಟಲೆ ಶೆಡ್ಡಿನಲ್ಲಿ ನಿಲ್ಲುವುದಾದರೆ ನಾನು ಟ್ಯಾಂಕನ್ನು ಅರ್ಧ ಖಾಲಿ ಬಿಡುವುದಿಲ್ಲ, ಏಕೆಂದರೆ ಖಾಲಿ ಜಾಗವಿದ್ದಷ್ಟೂ ಒದ್ದೆ ಗಾಳಿಗೆ ಎಡೆ.

ಕಳೆದ ತಿಂಗಳು ಅದೇ ಘಾಟಿಗೆ ಮತ್ತೆ ಹೋದೆವು. ಯಂತ್ರದ ಮೇಲೆ 95 ಎಂದು ನೋಡಿಕೊಂಡೇ ಟ್ಯಾಂಕು ತುಂಬಿಸಿದ್ದೆ. ಅದೇ ತಿರುವಿನಲ್ಲಿ ಬೇಕೆಂದೇ ಮೂರನೆಯ ಗೇರಿನಲ್ಲಿ ಏರಿಸಿದೆ. ಕಿಟಕಿ ಇಳಿಸಿ ನಾಲ್ವರೂ ಕಿವಿಗೊಟ್ಟೆವು. ಈಗ ನೀವು ಕೇಳುತ್ತಿರುವುದು ಆ ಹೊತ್ತಿನ ಧ್ವನಿ. ಟರ್ಬೊದ ಸಿಳ್ಳು, ಟೈರಿನ ಸದ್ದು, ಕಾಡಿನ ಜೀರುಂಡೆ, ಅಷ್ಟೇ.