ಕೇಪಿನ ಕೋವಿಗೂ ಒಂದು ತೆಂಗಿನಕಾಯಿ

ಅಧ್ಯಕ್ಷರೇ, ಆಯುಧಗಳ ಹಬ್ಬವಾದ ಕೈಲ್ ಮುಹೂರ್ತದ ಓಡಾಟದ ನಡುವೆಯೂ ಬಿಡುವು ಮಾಡಿಕೊಂಡು ಬಂದಿರುವ ಹಿರಿಯರೇ, ಸ್ನೇಹಿತರೇ,

ಕೊಡಗಿನವರ ಮುಂದೆ ಕೋವಿಯ ಬಗ್ಗೆ ಮಾತನಾಡಲು ಕೊಪ್ಪದ ಕಡೆಯ ಅಡಿಕೆ ಬೆಳೆಗಾರನೊಬ್ಬನನ್ನು ಕರೆದಿರುವುದು ನಿಮ್ಮ ದೊಡ್ಡತನ. ಆಯುಧ ಪೂಜೆಯ ವಿಷಯವಾಗಲಿ, ನಿಮಗಿರುವ ಪರವಾನಗಿ ವಿನಾಯಿತಿಯ ವಿಷಯವಾಗಲಿ ನಾನು ಹೇಳಿ ನೀವು ತಿಳಿಯಬೇಕಾದ್ದಿಲ್ಲ. ನನ್ನದು ಒಂದೇ ಅಹವಾಲು: ತೆಂಗಿನಕಾಯಿಗೆ ಗುಂಡು ಹೊಡೆಯುವ ಸ್ಪರ್ಧೆಯಲ್ಲಿ ಕೇಪಿನ ಕೋವಿಗೆ ಪ್ರತ್ಯೇಕ ವಿಭಾಗ ಬೇಕು. ತೋಟಾ ಕೋವಿಯ ಪಕ್ಕದಲ್ಲಿ ಅದನ್ನು ನಿಲ್ಲಿಸುವುದೆಂದರೆ ಮೋಟಾರ್ ಸೈಕಲ್ಲುಗಳ ಓಟಕ್ಕೆ ಎತ್ತಿನ ಗಾಡಿ ಹೂಡಿದಂತೆ.

ಪರವಾನಗಿ ಪುಸ್ತಕದಲ್ಲಿ ‘ಎಸ್‌ಬಿಎಂಎಲ್’ ಎಂದು, ಅಂದರೆ ಒಂಟಿ ನಳಿಕೆಯ, ಬಾಯಿಂದ ತುಂಬುವ ಕೋವಿ ಎಂದು ಬರೆದಿರುವ ಇದಕ್ಕೆ ನಳಿಕೆಯ ಬಾಯಿಂದಲೇ ಮಸಿ, ಅಂದರೆ ಕಪ್ಪು ಮದ್ದಿನ ಪುಡಿ ಸುರಿದು, ಗಜವೆಂಬ ಸಲಾಕೆಯಿಂದ ಜಡಿದು, ಒಂದು ಈಡು ಸಿದ್ಧವಾಗುವಷ್ಟರಲ್ಲಿ ತೋಟಾ ಕೋವಿಯವನು ಬಹುಮಾನ ಹಿಡಿದು ಕಾಫಿಗೆ ಹೋಗಿರುತ್ತಾನೆ. ಕುದುರೆಯೆಂಬ ಪುಟ್ಟ ಸುತ್ತಿಗೆ ಬಡಿದು, ತಾಮ್ರದ ಪುಟ್ಟ ಟೊಪ್ಪಿಯಂಥ ಕೇಪು ಸಿಡಿದು, ಕಿಡಿ ಒಳಗಿನ ಮಸಿಗೆ ಮುಟ್ಟುವ ಆ ಕಣ್ರೆಪ್ಪೆಯಷ್ಟು ಹೊತ್ತು ಕೈ ಅಲುಗಬಾರದು. ಮಸಿ ಉರಿದಾಗ ಅದರ ತೂಕದಲ್ಲಿ ಅರ್ಧಕ್ಕಿಂತ ಹೆಚ್ಚು ಅನಿಲವಾಗದೆ ಘನ ಕಣಗಳಾಗಿಯೇ ಉಳಿಯುವುದರಿಂದ ಎದುರಿಗೆ ಬೆಳ್ಳನೆಯ ಹೊಗೆ ಎದ್ದು ನಿಲ್ಲುತ್ತದೆ. ಕಾಯಿ ಒಡೆಯಿತೋ ಇಲ್ಲವೋ ಎಂಬುದು ಹೊಡೆದವನಿಗೇ ಎಲ್ಲರಿಗಿಂತ ತಡವಾಗಿ ತಿಳಿಯುತ್ತದೆ.

ಈ ಕೇಪಿನ ಹಿಂದೆ ಒಬ್ಬ ಪಾದ್ರಿಯಿದ್ದಾರೆ. ಸ್ಕಾಟ್ಲೆಂಡಿನ ಅಲೆಕ್ಸಾಂಡರ್ ಫೋರ್ಸಿತ್ ಅವರು ಹಕ್ಕಿ ಬೇಟೆಗೆ ಹೋದಾಗಲೆಲ್ಲ ಚಕಮಕಿ ಕೋವಿಯ ಹೊರಗಿನ ಮಸಿ ಭಗ್ಗೆಂದ ಕೂಡಲೇ ಹಕ್ಕಿಗಳು ಎಚ್ಚೆತ್ತು ಹಾರಿಬಿಡುತ್ತಿದ್ದವಂತೆ. ಬಡಿದರೆ ಸಿಡಿಯುವ ರಾಸಾಯನಿಕದಿಂದ ಒಳಗಿನ ಮಸಿಗೆ ಕಿಡಿ ಹೊತ್ತಿಸುವ ಉಪಾಯಕ್ಕೆ ಅವರು 1807ರಲ್ಲಿ ಪೇಟೆಂಟ್ ಪಡೆದರು. ತಾಮ್ರದ ಕೇಪು ಆಮೇಲೆ ಬಂತು. ಭಾನುವಾರದ ಪ್ರವಚನ ಹೇಗಿರುತ್ತಿತ್ತೋ ನನಗೆ ಗೊತ್ತಿಲ್ಲ, ಶನಿವಾರದ ಯೋಚನೆ ಮಾತ್ರ ಅಚ್ಚುಕಟ್ಟಾಗಿತ್ತು.

ಈ ಹವ್ಯಾಸದಲ್ಲಿ ಹೊಡೆಯುವುದು ಕಾಲು ಭಾಗವಾದರೆ ತೊಳೆಯುವುದು ಮುಕ್ಕಾಲು. 2019ರ ಲೋಕಸಭಾ ಚುನಾವಣೆ ಘೋಷಣೆಯಾಗಿ ಕೋವಿಗಳನ್ನು ಠಾಣೆಗೆ ಒಪ್ಪಿಸಬೇಕಾಗಿ ಬಂದಾಗ, ಹಿಂದಿನ ಸಂಜೆಯಷ್ಟೇ ಮಂಗಗಳನ್ನು ಓಡಿಸಲು ಬರಿಮಸಿಯ ಎರಡು ಈಡು ಹಾರಿಸಿದ್ದ ನಾನು, ನಾಳೆ ತೊಳೆದರಾಯಿತು ಎಂದು ಮಲಗಿದವನು ಬೆಳಿಗ್ಗೆ ಹಾಗೆಯೇ ಕೊಟ್ಟು ರಸೀದಿ ಪಡೆದು ಬಂದೆ. ಮತ ಎಣಿಕೆ ಮುಗಿದು, ಮೇ ಕೊನೆಗೆ ಕೋವಿ ಕೈಗೆ ಬಂದಾಗ ಗಜ ಅರ್ಧಕ್ಕೇ ನಿಂತಿತು. ಮಸಿಯ ಕಿಟ್ಟ ಗಾಳಿಯ ತೇವವನ್ನು ಹೀರಿ ನಳಿಕೆಯನ್ನು ಒಳಗಿಂದ ತಿಂದಿತ್ತು. ಠಾಣೆಯವರನ್ನು ಬೈಯಲು ಬಾಯಿ ತೆರೆದೆ, ಜೊತೆಗಿದ್ದ ಹೆಂಡತಿ, “ಬಾಣಲೆಯನ್ನು ಎರಡು ತಿಂಗಳು ತೊಳೆಯದೆ ಬಿಟ್ಟರೆ ನೀವು ಯಾರನ್ನು ಬೈಯುತ್ತೀರಿ?” ಎಂದಳು. ಅಂದಿನಿಂದ ಈಡಾದ ಸಂಜೆಯೇ ಬಿಸಿನೀರು, ಸೋಪು, ಒಣಬಟ್ಟೆ, ಎಣ್ಣೆ. ಮೊದಲ ನೀರು ಇದ್ದಿಲಿನ ಕಷಾಯದಂತೆ ಇಳಿಯುತ್ತದೆ, ಕೊಳೆತ ಮೊಟ್ಟೆಯ ವಾಸನೆ ಬಚ್ಚಲು ತುಂಬುತ್ತದೆ.

ಚೀಟಿ ಬಂತು, ಸಮಯವಾಯಿತಂತೆ. ಮಸಿಯ ಇತಿಹಾಸವನ್ನು, ಮಸಿಗೆ ಬೇಕಾದ ಬಿಹಾರದ ಪೆಟ್ಲುಪ್ಪನ್ನು ಈಸ್ಟ್ ಇಂಡಿಯಾ ಕಂಪನಿ ಹಡಗುಗಟ್ಟಲೆ ಸಾಗಿಸಿದ ಕಥೆಯನ್ನು ಬಿಡುತ್ತೇನೆ. ಇದೊಂದನ್ನು ಮಾತ್ರ ಬಿಡುವಂತಿಲ್ಲ: ತೋಟಾ ಬಿಚ್ಚಿದ ಹೊಗೆಯಿಲ್ಲದ ಮದ್ದನ್ನು ಕೇಪಿನ ಕೋವಿಗೆ ಯಾರೂ ತುಂಬಬಾರದು, ನಳಿಕೆ ಸೀಳಿಹೋಗುತ್ತದೆ.

ಬಾಯಿಂದ ತುಂಬುವ ಕೋವಿಗಳಿಗಾಗಿಯೇ ಇರುವ ಅಂತರರಾಷ್ಟ್ರೀಯ ಒಕ್ಕೂಟವು ಅರ್ಧ ಗಂಟೆಯಲ್ಲಿ 13 ಈಡು ಹೊಡೆಸಿ ಉತ್ತಮವಾದ 10ನ್ನು ಲೆಕ್ಕಕ್ಕೆ ಹಿಡಿಯುತ್ತದೆ. ಹಳೆಯ ಅಸಲಿ ಕೋವಿಗೊಂದು ವರ್ಗ, ಹೊಸ ಪ್ರತಿಕೃತಿಗೊಂದು ವರ್ಗ. ನಾವು ಅಷ್ಟೆಲ್ಲ ಮಾಡಬೇಕಿಲ್ಲ. ಮುಂದಿನ ವರ್ಷ ಮೈದಾನದ ಒಂದು ಮೂಲೆಯಲ್ಲಿ ಹತ್ತು ಕಾಯಿ ಬೇರೆಯಾಗಿ ಕಟ್ಟಿಸಿ, ಹೊಗೆ ಸರಿಯುವವರೆಗೆ ಕಾಯುವ ತಾಳ್ಮೆಯಿರುವ ಒಬ್ಬ ತೀರ್ಪುಗಾರರನ್ನು ಕೂರಿಸಿ. ಕಾಯಿಗಳನ್ನು ನಮ್ಮ ತೋಟದಿಂದ ನಾನೇ ತರುತ್ತೇನೆ. ನಮಸ್ಕಾರ.