ಹೊಲಿಗೆ ಮುಗಿಯುವ ಮೊದಲು ಬೆರಳು ಮಡಚಿಸಿ

ಎಲ್ಲರಿಗೂ ನಮಸ್ಕಾರ. ಊಟ ಆದ ಕೂಡಲೇ ನನ್ನನ್ನು ಮಾತಿಗೆ ನಿಲ್ಲಿಸಿದ್ದಾರೆ. ನಿದ್ದೆ ಬಂದರೆ ನೀವು ಧಾರಾಳವಾಗಿ ಮಲಗಿ. ಆದರೆ ನಾಳೆ ಓಟಿಯಲ್ಲಿ ಬೆರಳಿನ ಕಟ್ಟಾದ ಟೆಂಡನ್, ಅಂದರೆ ಸ್ನಾಯುವನ್ನು ಮೂಳೆಗೆ ಕಟ್ಟುವ ದಾರ, ಹೊಲಿಯುವಾಗ ಪೇಶೆಂಟನ್ನು ಮಾತ್ರ ಪೂರ್ತಿ ಅರಿವಳಿಕೆ ಕೊಟ್ಟು ಮಲಗಿಸಬೇಡಿ. ನಾನು ಹೇಳಬೇಕಾದ್ದು ಅಷ್ಟೇ, ಉಳಿದದ್ದೆಲ್ಲ ಅದರ ವಿವರ.

ಬೆರಳು ಮಡಚುವ ಟೆಂಡನ್ನಿನ ಎರಡನೇ ಝೋನ್, ಅಂಗೈ ಮೇಲ್ಭಾಗದಿಂದ ಬೆರಳ ನಡುವಿನವರೆಗಿನ ಜಾಗ, ನಿಮಗೆಲ್ಲ ಗೊತ್ತು. ಇಕ್ಕಟ್ಟಾದ ಕೊಳವೆ, ಒಳಗೆ ಎರಡೆರಡು ಟೆಂಡನ್. ಸೈಕಲ್ಲಿನ ಬ್ರೇಕ್ ವೈರು ಹರಿದರೆ ಗಂಟು ಹಾಕಿ ನೋಡಿ, ಆ ಗಂಟು ಕವರಿನೊಳಗೆ ಹೋಗುವುದೇ ಇಲ್ಲ. ಅದಕ್ಕೇ ಅಮೆರಿಕದ ಕೈ ಸರ್ಜನ್ ಸ್ಟರ್ಲಿಂಗ್ ಬನೆಲ್ ಈ ಜಾಗವನ್ನು 'ನೋ ಮ್ಯಾನ್ಸ್ ಲ್ಯಾಂಡ್', ಯಾರೂ ಕಾಲಿಡಬಾರದ ಜಾಗ, ಎಂದು ಕರೆದರು. ಗಾಯ ಮುಚ್ಚಿ, ಟೆಂಡನ್ ಈಗಲೇ ಹೊಲಿಯಬೇಡಿ, ಆಮೇಲೆ ಬೇರೆ ಕಡೆಯ ಟೆಂಡನ್ ತಂದು ಗ್ರಾಫ್ಟ್ ಹಾಕಿ ಅಂದರು. 1967ರಲ್ಲಿ ಅಮೆರಿಕದ ಲೂಯಿವಿಲ್ಲಿನ ಹೆರಾಲ್ಡ್ ಕ್ಲೈನರ್ಟ್ ತಂಡ ಅದೇ ಜಾಗದಲ್ಲಿ ಕೂಡಲೇ ಹೊಲಿದು, ರಬ್ಬರ್ ಬ್ಯಾಂಡ್ ಕಟ್ಟಿ ಬೆರಳು ಆಡಿಸಿದ ಫಲಿತಾಂಶ ತೋರಿಸಿತು. ಸುಮಾರು ಜನ ನಂಬಲೇ ಇಲ್ಲ.

ಇನ್ನೊಂದು ಭಯ ನಮ್ಮ ಕಾಲದ್ದು. ಮರಗಟ್ಟಿಸುವ ಮದ್ದಿನ ಜೊತೆ, ರಕ್ತನಾಳ ಬಿಗಿಸುವ ಅಡ್ರಿನಲಿನ್ ಬೆರಳಿಗೆ ಕೊಟ್ಟರೆ ಬೆರಳು ಕೊಳೆಯುತ್ತದೆ ಎಂದು ಪರೀಕ್ಷೆಯಲ್ಲಿ ಬರೆದು ಮಾರ್ಕ್ಸ್ ತಗೊಂಡವರು ನಾವು! ಆ ಹಳೆಯ ಕೇಸುಗಳಲ್ಲಿ ಹೆಚ್ಚಿನವು ಪ್ರೊಕೇನ್ ಎಂಬ ಮರಗಟ್ಟಿಸುವ ಮದ್ದಿನ ಕಾಲದವು. ಇಟ್ಟು ಇಟ್ಟು ಆಮ್ಲವಾಗಿದ್ದ ಪ್ರೊಕೇನ್ ಮಾಡಿದ ತಪ್ಪು ಅಡ್ರಿನಲಿನ್ ತಲೆಗೆ ಬಂತು. 2005ರಲ್ಲಿ ಕೆನಡಾದ ಡೊನಾಲ್ಡ್ ಲಲೋಂಡ್ ಮತ್ತು ಸಂಗಡಿಗರು ಕೈ, ಬೆರಳುಗಳಿಗೆ ಅಡ್ರಿನಲಿನ್ ಕೊಟ್ಟ 3,110 ಕೇಸುಗಳನ್ನು ಪ್ರಕಟಿಸಿದರು. ಒಂದು ಬೆರಳೂ ಹೋಗಿರಲಿಲ್ಲ. ಅಡ್ರಿನಲಿನ್ನೇ ರಕ್ತ ನಿಲ್ಲಿಸುವುದರಿಂದ, ತೋಳಿಗೆ ಬಿಗಿಯುವ ಪಟ್ಟಿ, ಟೂರ್ನಿಕೆ, ಬೇಡ. ಟೂರ್ನಿಕೆ ನೋವಿಲ್ಲ ಅಂದಮೇಲೆ ಪೂರ್ತಿ ಅರಿವಳಿಕೆಯೂ ಬೇಡ. ಆದರೆ ಇಂಜೆಕ್ಷನ್ ಕೊಟ್ಟು ಅರ್ಧ ಗಂಟೆ ಕಾಯಬೇಕು. ನಮ್ಮ ಸರ್ಜನ್ನುಗಳಿಗೆ ಕಷ್ಟ ಅದೇ.

ಒಬ್ಬ ಎಳನೀರು ವ್ಯಾಪಾರಿಯ ವಿಷಯ ಹೇಳಲೇಬೇಕು. ಮಚ್ಚು ಜಾರಿ ಎಡಗೈ ತೋರುಬೆರಳಿನ ಎರಡೂ ಟೆಂಡನ್ ಕಟ್ಟಾಗಿದ್ದವು. ಎಚ್ಚರವಾಗಿಯೇ ಮಲಗಿದ್ದರು, ರೇಟು ವಿಚಾರಿಸುತ್ತಾ. ನಾನು ಕಟ್ಟಾದ ಜಾಗ ದಾಟುವ ಹಾಗೆ ನಾಲ್ಕು ಎಳೆ ಹೊಲಿದು, ಸುತ್ತಲೂ ಸಣ್ಣ ಹೊಲಿಗೆ ಹಾಕಿದೆ. ನೋಡಲು ಚೆನ್ನಾಗಿತ್ತು. "ಯಜಮಾನ್ರೇ, ಬೆರಳು ಮಡಚಿ." ಅರ್ಧಕ್ಕೆ ನಿಂತಿತು. ಹೊಲಿಗೆಯ ಉಬ್ಬು, ಟೆಂಡನ್ನನ್ನು ಮೂಳೆಗೆ ಒತ್ತಿ ಹಿಡಿಯುವ ಬಳೆಗಳಲ್ಲಿ ಒಂದಾದ ಎ4 ಪುಲ್ಲಿಯ ಅಂಚಿಗೆ ತಾಗುವುದು ಕಣ್ಣೆದುರೇ ಕಾಣುತ್ತಿತ್ತು. ಪುಲ್ಲಿ ಬಿಡಿಸಿ, "ಈಗ ಮಡಚಿ" ಅಂದೆ. ಸಲೀಸಾಗಿ ಜಾರಿತು. ಅವರು ತಲೆಯೆತ್ತಿ ನೋಡಿ, "ಸಾರ್, ಮಚ್ಚು ಹಿಡಿಯೋದು ಬಲಗೈ. ಕಾಯಿ ಹಿಡಿಯೋದು ಈ ಕೈ. ಕಾಯಿ ಜಾರಬಾರದು, ಅಷ್ಟು ನೋಡ್ಕೊಳ್ಳಿ" ಅಂದರು. ಅರಿವಳಿಕೆಯಲ್ಲಿ ಮಲಗಿದ್ದವರು ಇದನ್ನು ಹೇಳುತ್ತಿದ್ದರಾ? ಚರ್ಮ ಹೊಲಿಯುವಾಗ ಫಿಸಿಯೋ ಮೇಡಂ ಪಕ್ಕದಲ್ಲೇ ಕೂತು, ಏನು ಮಾಡಬೇಕು, ಏನು ಮಾಡಬಾರದು ಎಂದು ಹೇಳಿಕೊಟ್ಟರು. ತನ್ನ ಬೆರಳೊಳಗಿನ ದಾರವನ್ನು ತಾನೇ ನೋಡಿದ ಮನುಷ್ಯ, ಮಾರನೇ ದಿನ ಚೀಲ ಎತ್ತಲು ಹೋಗಲಿಲ್ಲ. ಡಿಸ್ಚಾರ್ಜ್ ದಿನ ಚೀಟಿ ಕೈಗಿಟ್ಟು ಕಳಿಸಿದರೆ ಇದು ಆಗಲ್ಲ. ಸುಮ್ನೆ ಹೇಳುತ್ತಿಲ್ಲ.

ಹೊಲಿಗೆ ಎಷ್ಟು ಎಳೆ ಎಂದು ಜಗಳ ಆಡುತ್ತೇವೆ. ಆಡೋಣ. ನಾಲ್ಕಿರಲಿ, ಆರಿರಲಿ, ಎರಡಕ್ಕಿಂತ ಗಟ್ಟಿ. ಆದರೆ ಮಡಚಿಸಿ ನೋಡದಿದ್ದರೆ ಆರು ಎಳೆಯೂ ಕುರುಡೇ. ನಡುವೆ ಬಿರುಕು ಬಿಡುತ್ತಿದ್ದರೆ ಆಗಲೇ ಗೊತ್ತಾಗಬೇಕು. ಅದು 3 ಮಿಲಿಮೀಟರ್ ದಾಟಿದರೆ ಟೆಂಡನ್ ಬಲ ಬರಲು ತಡ, ಕಿತ್ತು ಹೋಗುವ ಅಪಾಯವೂ ಜಾಸ್ತಿ. ಪುಲ್ಲಿ ಮುಟ್ಟಲೇಬಾರದು ಎಂಬ ಮಡಿವಂತಿಕೆಯನ್ನು ಚೀನಾದ ನಾಂಟಾಂಗಿನ ಜಿನ್ ಬೋ ಟಾಂಗ್ ಬಿಡಿಸಿದ್ದಾರೆ. ಉಳಿದ ಪುಲ್ಲಿಗಳು ಸರಿಯಾಗಿದ್ದರೆ ಅಗತ್ಯ ಇದ್ದಷ್ಟು ಬಿಡಿಸಬಹುದು.

ಅಧ್ಯಕ್ಷರ ಚೀಟಿ ಬಂತು, ಇನ್ನು ಎರಡೇ ನಿಮಿಷವಂತೆ. ಎಳನೀರು ಕುಡಿದಿದ್ದು ಜಾಸ್ತಿ ಆಯ್ತು ಅಂತ ಕಾಣುತ್ತದೆ. ಐದು ಸ್ಲೈಡು ಬಿಡುತ್ತೇನೆ.

ಬೇಗ ಹೇಳಿಬಿಡುತ್ತೇನೆ. ಮೊದಲ ಮೂರ್ನಾಲ್ಕು ದಿನ ಕೈ ಎತ್ತರಕ್ಕಿಟ್ಟು ಊತ ಇಳಿಯಲಿ. ಆಮೇಲೆ ಕೈಗೆ ಕಟ್ಟಿದ ಆಸರೆಪಟ್ಟಿಯ, ಅಂದರೆ ಸ್ಪ್ಲಿಂಟಿನ, ಒಳಗೇ ಅರ್ಧ ಮುಷ್ಟಿ, ಪೂರ್ತಿ ಬಿಗಿ ಬೇಡ. ಭಾರದ ಕೆಲಸ ಸುಮಾರು 12 ವಾರದ ಮೇಲೆ. ಸಣ್ಣ ಮಕ್ಕಳಿಗೆ, ತುಂಬಾ ಹೆದರುವವರಿಗೆ ಅರಿವಳಿಕೆ ಕೊಡಿ, ಹಟ ಬೇಡ. ಕೈಯೇ ಜಜ್ಜಿಹೋದ ಕೇಸಿನ ಲೆಕ್ಕವೇ ಬೇರೆ. ಮಣಿಕಟ್ಟು ಆಡಿಸಲು ಬಿಡುವ ಚಿಕ್ಕ ಸ್ಪ್ಲಿಂಟ್ ಬಗ್ಗೆ ಹೇಳಲು ಹೊತ್ತಿಲ್ಲ. ಹೊರಗೆ ಟೀ ಕೊಡುವ ಕಡೆ ಫಿಸಿಯೋ ಮೇಡಂ ಅದನ್ನು ಕತ್ತರಿಸಿ, ಬಿಸಿನೀರಲ್ಲಿ ಅದ್ದಿ ಮಾಡಿ ತೋರಿಸುತ್ತಾರೆ. ಸರ್ಜನ್ನುಗಳು ಮೊದಲು ಹೋಗಿ, ಟೀ ಆಮೇಲೆ.