ಅಲೆನ್ ರಸ್ತೆ ಅಲ್ಲಿಗೇ ಯಾಕೆ ನಿಂತಿತು

(ಟೊರಾಂಟೊ ಹತ್ತಿರದ ಊರೊಂದರ ಗ್ರಂಥಾಲಯದಲ್ಲಿ ಕನ್ನಡಿಗರ ಮುಂದೆ ಮಾಡಿದ ಉಪನ್ಯಾಸದ ಬರಹರೂಪ)

ಎಲ್ಲರಿಗೂ ನಮಸ್ಕಾರ. ಹೊರಗೆ ಹಿಮ ಬೀಳುತ್ತಿದೆ. ಭಾನುವಾರ ಮಧ್ಯಾಹ್ನ ಊಟ ಮುಗಿಸಿ ಒಂದು ಸಣ್ಣ ನಿದ್ದೆ ತೆಗೆಯುವ ಹೊತ್ತು. ಆದರೂ ಇಷ್ಟು ಜನ ಬಂದಿದ್ದೀರಿ, ಹಿರಿಯರನ್ನೂ ಕರೆದುಕೊಂಡು ಬಂದಿದ್ದೀರಿ. ತುಂಬಾ ಸಂತೋಷವಾಯಿತು.

ಒಂದು ರಸ್ತೆಯಿಂದ ಶುರು ಮಾಡುತ್ತೇನೆ. ಟೊರಾಂಟೊದಲ್ಲಿ ಯಾರ್ಕ್‌ಡೇಲ್ ಮಾಲ್ ಪಕ್ಕದಿಂದ ದಕ್ಷಿಣಕ್ಕೆ ಅಲೆನ್ ರಸ್ತೆ ಹೋಗುತ್ತದೆ. ನಿಮ್ಮಲ್ಲಿ ಅನೇಕರು ಅಲ್ಲಿ ಕಾರು ಓಡಿಸಿದ್ದೀರಿ. ಹೆದ್ದಾರಿಯ ಹಾಗೆ ಅಗಲವಾಗಿ ಓಡುವ ರಸ್ತೆ ಎಗ್ಲಿಂಟನ್ ಬಂದ ಕೂಡಲೇ ಸಿಗ್ನಲ್ ಮುಂದೆ ಮುಗಿದುಹೋಗುತ್ತದೆ. ಎಡಕ್ಕೆ ತಿರುಗಬೇಕು, ಇಲ್ಲ ಬಲಕ್ಕೆ. ಈ ದೇಶಕ್ಕೆ ಬಂದ ಹೊಸದರಲ್ಲಿ ಅಲ್ಲಿ ಸಿಕ್ಕಿಹಾಕಿಕೊಂಡಾಗಲೆಲ್ಲ ನನಗೆ ಅನಿಸುತ್ತಿತ್ತು: ಯಾರಪ್ಪಾ ಇದನ್ನು ಅರ್ಧಕ್ಕೆ ಬಿಟ್ಟವರು, ದುಡ್ಡು ಖಾಲಿಯಾಯಿತಾ?

ದುಡ್ಡು ಖಾಲಿಯಾಗಿರಲಿಲ್ಲ. ಜನ ಬೇಡ ಅಂದಿದ್ದರು.

ಅದರ ಮೂಲ ಹೆಸರು ಸ್ಪಡೈನಾ ಎಕ್ಸ್‌ಪ್ರೆಸ್‌ವೇ. ಉತ್ತರದ ಬಡಾವಣೆಗಳಿಂದ ಪೇಟೆಯ ಮಧ್ಯಕ್ಕೆ ಕಾರುಗಳು ಸೀದಾ ಬರಲಿ ಅಂತ ಹಾಕಿದ ಯೋಜನೆ. ಅದಕ್ಕಾಗಿ ಮನೆಗಳು ಬೀಳಬೇಕಿತ್ತು, ಮರಗಳಿದ್ದ ಕಣಿವೆ ಹೋಗಬೇಕಿತ್ತು. 1969ರ ಹೊತ್ತಿಗೆ ವಿದ್ಯಾರ್ಥಿಗಳು, ಮೇಷ್ಟ್ರುಗಳು, ಮನೆ ನೋಡಿಕೊಳ್ಳುವ ಹೆಂಗಸರು ಸೇರಿ ಒಂದು ಗುಂಪು ಕಟ್ಟಿದರು. ನ್ಯೂಯಾರ್ಕ್‌ನಿಂದ ಅದರ ಹಿಂದಿನ ವರ್ಷ ಬಂದಿದ್ದ, ನಗರಗಳ ಬಗ್ಗೆ ಬರೆಯುತ್ತಿದ್ದ ಲೇಖಕಿ ಜೇನ್ ಜೇಕಬ್ಸ್ ಕೂಡ ಅವರ ಜೊತೆ ನಿಂತರು. ಅವರೂ ವಲಸೆ ಬಂದವರೇ, ನಮ್ಮ ಹಾಗೆ. ಬಂದ ಮೇಲೆ ಹತ್ತು ವರ್ಷ ಸುಮ್ನೆ ಕೂರೋಣ, ಆಮೇಲೆ ಮಾತಾಡೋಣ ಅಂತ ಅವರು ಕಾಯಲಿಲ್ಲ. ಪುರಸಭೆ ವ್ಯವಹಾರ ನೋಡುವ ಮಂಡಳಿಯ ಮುಂದೆ ಈ ಜನ ಸೋತರು. ಅಷ್ಟಕ್ಕೇ ಬಿಡದೆ ಒಂಟಾರಿಯೊ ಪ್ರಾಂತ್ಯದ ಸಚಿವ ಸಂಪುಟಕ್ಕೆ ಮೇಲ್ಮನವಿ ಕೊಟ್ಟರು. 1971ರ ಜೂನ್ 3ರಂದು ಪ್ರೀಮಿಯರ್, ಅಂದರೆ ಪ್ರಾಂತ್ಯದ ಮುಖ್ಯಮಂತ್ರಿ, ಬಿಲ್ ಡೇವಿಸ್ ರಸ್ತೆಯನ್ನು ನಿಲ್ಲಿಸಿದರು. ಕಾರುಗಳಿಗಾಗಿ ಸಾರಿಗೆ ಕಟ್ಟುವುದಾದರೆ ಶುರು ಮಾಡಲು ಇದು ಒಳ್ಳೆಯ ಜಾಗ, ಜನರಿಗಾಗಿ ಕಟ್ಟುವುದಾದರೆ ನಿಲ್ಲಿಸಲು ಇದು ಒಳ್ಳೆಯ ಜಾಗ ಎಂಬರ್ಥದ ಮಾತನ್ನು ಅವತ್ತು ಅವರು ವಿಧಾನಸಭೆಯಲ್ಲಿ ಹೇಳಿದರು. 1978ರಲ್ಲಿ ಅದೇ ಅಲೆನ್ ರಸ್ತೆಯ ನಡುವೆ ಸಬ್‌ವೇ ಓಡಲು ಶುರುವಾಯಿತು.

ಈ ಕಥೆಯನ್ನು ಇಲ್ಲಿನವರು ಹೆಮ್ಮೆಯಿಂದ ಹೇಳುತ್ತಾರೆ. ನನಗೂ ಇಷ್ಟ. ಆದರೆ ಇದರಲ್ಲಿ ಒಂದು ವಿಷಯ ನನ್ನನ್ನು ಕಾಡುತ್ತದೆ. ಗೆದ್ದವರು ಓದಿದವರು, ವಿಶ್ವವಿದ್ಯಾಲಯದ ಅಕ್ಕಪಕ್ಕ ಮನೆ ಇದ್ದವರು, ಸಂಜೆ ಸಭೆಗೆ ಹೋಗಲು ಬಿಡುವು ಇದ್ದವರು. ಇಂಗ್ಲಿಷ್ ಚೆನ್ನಾಗಿ ಬರುತ್ತಿತ್ತು, ವಕೀಲರ ಪರಿಚಯವಿತ್ತು. ಇವು ಯಾವುದೂ ಇಲ್ಲದವರ ಮಾತನ್ನು ಕೇಳಲು ಸರ್ಕಾರ ಏನು ಮಾಡಬೇಕು?

ಈ ಪ್ರಶ್ನೆಗೆ ಕೆನಡಾದಲ್ಲೇ ಒಂದು ಉತ್ತರ ಇದೆ. ಇವತ್ತು ನಿಮಗೆ ಮುಖ್ಯವಾಗಿ ಅದನ್ನೇ ಹೇಳಬೇಕು ಅಂತ ಬಂದಿದ್ದೇನೆ.

1968ರಲ್ಲಿ ಅಲಾಸ್ಕಾದ ಪ್ರೂಡೋ ಬೇಯಲ್ಲಿ ದೊಡ್ಡ ತೈಲ, ಅನಿಲ ನಿಕ್ಷೇಪ ಸಿಕ್ಕಿತು. ಆ ಅನಿಲವನ್ನೂ ಕೆನಡಾದ ಉತ್ತರ ತುದಿಯ ಅನಿಲವನ್ನೂ ಮೆಕೆಂಜಿ ನದಿಯ ಕಣಿವೆಯುದ್ದಕ್ಕೂ ಪೈಪ್‌ಲೈನ್ ಹಾಕಿ ದಕ್ಷಿಣಕ್ಕೆ ತರಬೇಕು ಅಂತ ಕಂಪನಿಗಳು ಹೊರಟವು. ಆ ಕಣಿವೆಯಲ್ಲಿ ಮೂಲನಿವಾಸಿಗಳಾದ ಡೆನೆ ಜನ, ಮೆಟಿ ಜನ, ನದಿ ಸಮುದ್ರ ಸೇರುವಲ್ಲಿ ಇನುವಿಯಾಲುಯಿಟ್ ಜನ ಇದ್ದಾರೆ. ಬೇಟೆ, ಮೀನು, ಬಲೆ ಹಾಕಿ ತುಪ್ಪಳದ ಪ್ರಾಣಿ ಹಿಡಿಯುವುದು ಅವರ ಬದುಕು. ಪೈಪ್‌ಲೈನ್ ಹಾದುಹೋಗುವ ನೆಲ ತಮ್ಮದು, ಅದರ ಹಕ್ಕು ಇನ್ನೂ ತೀರ್ಮಾನವಾಗಿಲ್ಲ ಅನ್ನುವುದು ಆಗ ಅವರ ವಾದವಾಗಿತ್ತು. 1974ರ ಮಾರ್ಚ್‌ನಲ್ಲಿ ಕೆನಡಾ ಸರ್ಕಾರ ಬ್ರಿಟಿಷ್ ಕೊಲಂಬಿಯಾ ಪ್ರಾಂತ್ಯದ ನ್ಯಾಯಾಧೀಶ ಥಾಮಸ್ ಬರ್ಜರ್ ಅವರನ್ನು ಈ ಪೈಪ್‌ಲೈನ್ ಬಗ್ಗೆ ವಿಚಾರಣೆ ನಡೆಸಲು ನೇಮಿಸಿತು.

ಬರ್ಜರ್ ಏನು ಮಾಡಿದರು ಗೊತ್ತಾ? ಉತ್ತರದ ಪಟ್ಟಣ ಯೆಲ್ಲೊನೈಫ್‌ನಲ್ಲಿ ತಜ್ಞರ ವಿಚಾರಣೆ ನಡೆಯಿತು, ಪಾಟೀಸವಾಲು ಎಲ್ಲ ಇತ್ತು. ಅದರ ಜೊತೆಗೆ ಅವರೇ ಹಳ್ಳಿಗಳಿಗೆ ಹೊರಟರು. ಒಂದೆರಡಲ್ಲ, 35 ಊರು. ಸಣ್ಣ ವಿಮಾನದಲ್ಲಿ ಹೋಗಿ, ಸಮುದಾಯ ಭವನದಲ್ಲಿ ಕೂತು, ಎಲ್ಲರೂ ಮಾತಾಡಿ ಮುಗಿಯುವ ತನಕ ಇರುತ್ತಿದ್ದರು. ಅಲ್ಲಿ ಪಾಟೀಸವಾಲು ಇಲ್ಲ. ಸುಮಾರು 1000 ಜನ ಮಾತಾಡಿದರು. ಅಜ್ಜಂದಿರು, ಅಜ್ಜಿಯರು, ಶಾಲೆಗೆ ಹೋಗುವ ಹುಡುಗರು. ತಮ್ಮ ತಮ್ಮ ಭಾಷೆಯಲ್ಲಿ. ಪಕ್ಕದಲ್ಲೇ ಅನುವಾದಕರು ಇರುತ್ತಿದ್ದರು.

ಇನ್ನೂ ಎರಡು ಕೆಲಸ ಮಾಡಿದರು, ನನ್ನ ಮಟ್ಟಿಗೆ ಅವೇ ದೊಡ್ಡವು. ಒಂದು, ಮೂಲನಿವಾಸಿಗಳ ಸಂಘಗಳಿಗೆ, ಪರಿಸರದ ಗುಂಪುಗಳಿಗೆ ತಯಾರಿ ಮಾಡಿಕೊಳ್ಳಲು ಸರ್ಕಾರದಿಂದಲೇ ಹಣ ಕೊಡಿಸಿದರು. ಎದುರಿಗೆ ಕಂಪನಿಯ ಎಂಜಿನಿಯರುಗಳು, ವಕೀಲರು ಸಾಲಾಗಿ ಕೂತಿರುತ್ತಾರೆ. ಈ ಕಡೆಯವರು ಬರಿಗೈಲಿ ಬಂದರೆ ಅದನ್ನು ಚರ್ಚೆ ಅನ್ನೋಕಾಗುತ್ತಾ? ಇನ್ನೊಂದು, ಪ್ರತಿ ಸಂಜೆ ಕೆನಡಾದ ಸಾರ್ವಜನಿಕ ಪ್ರಸಾರ ಸಂಸ್ಥೆ ಸಿಬಿಸಿಯ ರೇಡಿಯೊದಲ್ಲಿ ಅವತ್ತಿನ ವಿಚಾರಣೆಯ ವರದಿ ಇಂಗ್ಲಿಷ್‌ನಲ್ಲೂ ಅಲ್ಲಿನ ಭಾಷೆಗಳಲ್ಲೂ ಬರುತ್ತಿತ್ತು. ಒಂದು ಹಳ್ಳಿಯಲ್ಲಿ ಮುದುಕರೊಬ್ಬರು ಹೇಳಿದ್ದನ್ನು ನೂರಾರು ಮೈಲಿ ಆಚೆಯ ಹಳ್ಳಿಯವರು ರಾತ್ರಿ ಅಡುಗೆ ಮನೆಯಲ್ಲಿ ಕೂತು ಕೇಳುತ್ತಿದ್ದರು. ನಮ್ಮೂರಿನ ಅರಳಿಕಟ್ಟೆ ಇಡೀ ಕಣಿವೆಯುದ್ದಕ್ಕೂ ಹರಡಿಕೊಂಡ ಹಾಗೆ.

ಆ ಜನ ಹೇಳಿದ್ದು ಬರೀ ದುಃಖದ ಮಾತುಗಳು ಅಂದುಕೊಳ್ಳಬೇಡಿ. ಮೀನು ಯಾವ ತಿಂಗಳು ಎಲ್ಲಿ ಮೊಟ್ಟೆ ಇಡುತ್ತದೆ, ಕ್ಯಾರಿಬೂ ಅನ್ನುವ ಹಿಮಜಿಂಕೆಗಳ ಹಿಂಡು ಯಾವ ದಾರಿಯಲ್ಲಿ ಹೋಗುತ್ತದೆ, ಎಲ್ಲಿ ಮರಿ ಹಾಕುತ್ತದೆ, ಇಂಥ ಖಚಿತ ಮಾಹಿತಿ ಕೊಟ್ಟರು. ತಜ್ಞರ ಕಡೆಯಿಂದ ಬಂದ ಒಂದು ವಿಷಯವನ್ನೂ ಹೇಳುತ್ತೇನೆ. ಅಲ್ಲಿ ನೆಲದಡಿ ಮಣ್ಣು ವರ್ಷವಿಡೀ ಹೆಪ್ಪುಗಟ್ಟಿರುತ್ತದೆ. ಅದು ಕರಗದಿರಲಿ ಅಂತ ಅನಿಲವನ್ನು ತಣ್ಣಗೆ ಮಾಡಿ ಕಳಿಸುವ ಯೋಚನೆ ಇತ್ತು. ಆದರೆ ನಡುನಡುವೆ ಹೆಪ್ಪುಗಟ್ಟದ ನೆಲವೂ ಇದೆ. ಅಲ್ಲಿ ಈ ತಣ್ಣನೆ ಪೈಪ್ ಸುತ್ತ ನೀರು ಮಂಜುಗಡ್ಡೆಯಾಗಿ, ಮಣ್ಣು ಉಬ್ಬಿ, ಪೈಪನ್ನೇ ಮೇಲಕ್ಕೆ ನೂಕಬಹುದು. ಹೀಗೆ ಪ್ರಯೋಗಾಲಯದ ಮಾತು, ಬೇಟೆಗಾರರ ಮಾತು ಒಂದೇ ವರದಿಯಲ್ಲಿ ಅಕ್ಕಪಕ್ಕ ಕೂತವು.

ವರದಿ 1977ರಲ್ಲಿ ಬಂತು. ಅಲಾಸ್ಕಾ ಪಕ್ಕದ ಯೂಕಾನ್‌ನ ಉತ್ತರ ಭಾಗದಲ್ಲಿ ಪೈಪ್‌ಲೈನ್ ಬೇಡವೇ ಬೇಡ, ಮೆಕೆಂಜಿ ಕಣಿವೆಯಲ್ಲಿ 10 ವರ್ಷ ಮುಂದೂಡಿ, ಮೊದಲು ಭೂಮಿಯ ಹಕ್ಕು ಇತ್ಯರ್ಥ ಮಾಡಿ ಅಂದಿತು. ಉತ್ತರ ಯೂಕಾನ್‌ನಲ್ಲಿ 1984ರಲ್ಲಿ ರಾಷ್ಟ್ರೀಯ ಉದ್ಯಾನವೇ ಆಯಿತು. ಇವತ್ತು ಅದರ ಹೆಸರು ಇವ್ವಾವಿಕ್.

ಇಲ್ಲಿಗೆ ನಿಲ್ಲಿಸಿದರೆ ಕಥೆ ಅರ್ಧವೇ ಆಗುತ್ತದೆ. ಭೂಮಿಯ ಒಪ್ಪಂದಗಳು ಒಂದೊಂದಾಗಿ ಆದವು. 1984ರಲ್ಲಿ ಇನುವಿಯಾಲುಯಿಟ್, 1992ರಲ್ಲಿ ಡೆನೆ ಜನರಲ್ಲಿ ಗ್ವಿಚಿನ್ ಪಂಗಡದವರು, ಆಮೇಲೆ ಸಾಹ್ತು ಪ್ರದೇಶದವರು. ಅದಾದ ಮೇಲೆ ಅದೇ ಜನರಲ್ಲಿ ಅನೇಕರು ಹೊಸ ಪೈಪ್‌ಲೈನ್ ಯೋಜನೆಯಲ್ಲಿ ಪಾಲುದಾರರಾಗಲು ಮುಂದೆ ಬಂದರು. 2011ರಲ್ಲಿ ಅದಕ್ಕೆ ಒಪ್ಪಿಗೆಯೂ ಸಿಕ್ಕಿತು. ಅನಿಲದ ಬೆಲೆ ಬಿದ್ದಿತ್ತು, ಲೆಕ್ಕ ಕೂಡಿಬರಲಿಲ್ಲ, 2017ರಲ್ಲಿ ಕಂಪನಿಗಳೇ ಕೈಬಿಟ್ಟವು. ‘ನೋಡಿ, ಮೊದಲು ಬೇಡ ಅಂದವರು ಆಮೇಲೆ ಬೇಕು ಅಂದರು’ ಅಂತ ಕೆಲವರು ಆಡಿಕೊಳ್ಳುತ್ತಾರೆ. ನನಗೆ ಇದು ತಪ್ಪಾಗಿ ಕಾಣುವುದೇ ಇಲ್ಲ. ನಮ್ಮ ಜಮೀನಿನ ಪತ್ರ ನಮ್ಮ ಕೈಗೆ ಬರುವ ಮೊದಲು ಯಾರೋ ಬಂದು ಅಗೆಯುತ್ತೇವೆ ಅಂದರೆ ನಾವೂ ಬೇಡ ಅನ್ನುತ್ತೇವೆ. ಪತ್ರ ಕೈಗೆ ಬಂದ ಮೇಲೆ ಕೂತು ಮಾತಾಡುತ್ತೇವೆ, ಅಲ್ವಾ?

ಬರ್ಜರ್ ವಿಷಯ ಓದುವಾಗ ನನಗೆ ನಮ್ಮಮ್ಮ ನೆನಪಾಗುತ್ತಾಳೆ. ಅಮ್ಮ ಕೆಲವು ವರ್ಷ ನಮ್ಮ ಜೊತೆ ಇಲ್ಲೇ ಇದ್ದಳು. ಒಂದು ಸಲ ನಮ್ಮ ಮನೆ ಹತ್ತಿರದ ಬಸ್ ಸ್ಟಾಪ್ ತೆಗೆದು ಮುಂದಿನ ದೊಡ್ಡ ರಸ್ತೆಗೆ ಹಾಕುವ ಯೋಚನೆ ಬಂತು. ಸಂಜೆ ಸಭೆ ಇತ್ತು. ಅಮ್ಮ ದಿನಾ ಆ ಬಸ್ಸಿನಲ್ಲಿ ಹೋಗುತ್ತಿದ್ದವಳು. ಹೊಸ ಸ್ಟಾಪ್‌ನಿಂದ ಮನೆಗೆ ಬರುವ ಕಾಲುದಾರಿಯಲ್ಲಿ ಚಳಿಗಾಲದಲ್ಲಿ ಯಾರೂ ಹಿಮ ತೆಗೆಯುವುದಿಲ್ಲ, ಬಿದ್ದರೆ ಸೊಂಟ ಮುರಿಯುತ್ತದೆ ಅಂತ ಹೇಳಬೇಕು ಅಂದಳು. ಸೀರೆ ಮೇಲೆ ದಪ್ಪ ಕೋಟು ಹಾಕಿಕೊಂಡು ಬಂದಳು. ಅಮ್ಮ ಕನ್ನಡದಲ್ಲಿ ಹೇಳಿದಳು, ನಾನು ಇಂಗ್ಲಿಷ್ ಮಾಡಿದೆ. ಅರ್ಧಕ್ಕೆ ಬರುವಷ್ಟರಲ್ಲಿ ಸಮಯ ಮುಗಿಯಿತು ಅಂದರು. ಅನುವಾದಕ್ಕೆ ಹಿಡಿದ ಸಮಯವನ್ನೂ ಅವಳ ಲೆಕ್ಕಕ್ಕೇ ಸೇರಿಸಿದ್ದರು. ಮನೆಗೆ ಬಂದು ಅಮ್ಮ ಕೇಳಿದಳು: ‘ನಾನು ಹೇಳಿದ್ದು ಅವರಿಗೆ ಮುಟ್ಟಿತೇನೋ?’ ನಾನು ಹೂಂ ಅಂದೆ. ಮುಟ್ಟಿರಲಿಲ್ಲ. ಬಸ್ ಸ್ಟಾಪ್ ಹೋಯಿತು.

2022ರ ಮೇ ತಿಂಗಳಲ್ಲಿ ಸಿರಾ ತಾಲ್ಲೂಕಿನ ಹಳ್ಳಿಯಿಂದ ಬಂದ, ಆಗ ಇಲ್ಲಿ ಸಂಸದರಾಗಿದ್ದ ಚಂದ್ರ ಆರ್ಯ ಒಟ್ಟಾವದ ಸಂಸತ್ತಿನಲ್ಲಿ ಕನ್ನಡದಲ್ಲಿ ಮಾತಾಡಿದರು. ಆ ವಿಡಿಯೊ ನಮ್ಮೆಲ್ಲರ ಫೋನಿಗೂ ಬಂತು. ನನಗೂ ಕಣ್ಣು ತುಂಬಿ ಬಂತು. ಆದರೆ ನನ್ನ ಆಸೆ ಇನ್ನೂ ಕೆಳಗಿನದು. ಸಂಸತ್ತಿನಲ್ಲಿ ಕೇಳಿದ ಕನ್ನಡ ಬಸ್ ಸ್ಟಾಪ್ ಸಭೆಯಲ್ಲೂ ಕೇಳಿಸಬೇಕು.

ಇನ್ನೊಂದು ಪ್ರಯೋಗದ ಬಗ್ಗೆ ಚಿಕ್ಕದಾಗಿ ಹೇಳುತ್ತೇನೆ. 2004ರಲ್ಲಿ ಬ್ರಿಟಿಷ್ ಕೊಲಂಬಿಯಾ ಸರ್ಕಾರ ಚುನಾವಣೆ ಪದ್ಧತಿ ಬದಲಿಸಬೇಕಾ ಅನ್ನುವ ಪ್ರಶ್ನೆಯನ್ನು ಸಾಮಾನ್ಯ ಜನರ ಕೈಗೇ ಕೊಟ್ಟಿತು. ಚೀಟಿ ಎತ್ತಿದ ಹಾಗೆ 160 ಜನರನ್ನು ಆರಿಸಿದರು. ಪ್ರತಿ ಕ್ಷೇತ್ರದಿಂದ ಒಬ್ಬ ಗಂಡಸು, ಒಬ್ಬ ಹೆಂಗಸು, ಜೊತೆಗೆ ಇಬ್ಬರು ಮೂಲನಿವಾಸಿಗಳು. ವಾರಾಂತ್ಯಗಳಲ್ಲಿ ಕೂತು ಓದಿದರು, ಸುತ್ತಿ ಜನರ ಮಾತು ಕೇಳಿದರು, ಸುಮಾರು ಒಂದು ವರ್ಷ. ಕೊನೆಗೆ ಹೊಸ ಪದ್ಧತಿ ಬೇಕು ಅಂತ 146 ಜನ, ಬೇಡ ಅಂತ 7 ಜನ. 2005ರ ಜನಮತದಲ್ಲಿ ಶೇ 57ಕ್ಕಿಂತ ಜಾಸ್ತಿ ಮತದಾರರು ಹೌದು ಅಂದರು. ಬೇಕಾಗಿದ್ದದ್ದು ಶೇ 60. ಹೋಯಿತು. 2009ರಲ್ಲಿ ಮತ್ತೆ ಕೇಳಿದಾಗ ಬೆಂಬಲ ಇನ್ನೂ ಇಳಿಯಿತು. ಆ 160 ಜನ ಒಂದು ವರ್ಷ ಕಲಿತದ್ದನ್ನು ಉಳಿದ ಲಕ್ಷಾಂತರ ಜನರಿಗೆ ದಾಟಿಸಲು ಬರ್ಜರ್ ಕಾಲದ ರೇಡಿಯೊದಂಥದ್ದು ಇರಲಿಲ್ಲ ಅನ್ನುವುದು ನನ್ನ ಅನಿಸಿಕೆ.

ಕಾರ್ಬನ್ ತೆರಿಗೆಯ ವಿಷಯದಲ್ಲೂ ಹಾಗೇ ಆಯಿತು. 2019ರಿಂದ ಪೆಟ್ರೋಲ್ ಮೇಲೆ ತೆರಿಗೆ ಕೊಟ್ಟೆವು. ಅದರ ಹೆಚ್ಚಿನ ಪಾಲು ನಮ್ಮದೇ ಬ್ಯಾಂಕ್ ಖಾತೆಗೆ ವಾಪಸ್ ಬರುತ್ತಿತ್ತು. ನಮ್ಮ ಗೆಳೆಯರ ಮನೆಗಳಲ್ಲಿ ಈ ಬಗ್ಗೆ ಎಷ್ಟು ಜಗಳ ಕೇಳಿದ್ದೇನೆ! ವಾಪಸ್ ಬರುವ ಹಣದ ಲೆಕ್ಕವನ್ನು ಕಾಗದದ ಮೇಲೆ ಬರೆದು ನೋಡಿದವರು ಒಬ್ಬಿಬ್ಬರು ಮಾತ್ರ. 2025ರ ಏಪ್ರಿಲ್ 1ಕ್ಕೆ ಜನರ ಮೇಲಿನ ಆ ತೆರಿಗೆ ನಿಂತಿತು. ಸರಿಯೋ ತಪ್ಪೋ ಅನ್ನುವುದಕ್ಕಿಂತ, ಲೆಕ್ಕ ಮುಂದಿಟ್ಟುಕೊಂಡು ಕೂರುವ ಒಂದು ಸಂಜೆ ನಮಗೆ ಸಿಗಲೇ ಇಲ್ಲವಲ್ಲ ಅನ್ನುವುದು ನನಗೆ ಬೇಸರ.

ಈಗ ಕಷ್ಟದ ಊರಿಗೆ ಬರುತ್ತೇನೆ. ಲಾಕ್-ಮೆಗಾಂಟಿಕ್. ಕ್ವಿಬೆಕ್‌ನ ಪುಟ್ಟ ಊರು. 2013ರ ಜುಲೈ 6, ಬೇಸಿಗೆಯ ರಾತ್ರಿ. ಕಚ್ಚಾ ತೈಲ ತುಂಬಿದ 72 ಟ್ಯಾಂಕರುಗಳ ರೈಲನ್ನು ಪಕ್ಕದ ನಾಂಟ್ ಊರಿನ ಇಳಿಜಾರಿನಲ್ಲಿ ನಿಲ್ಲಿಸಿದ್ದರು. ಇಡೀ ರೈಲಿಗೆ ಒಬ್ಬನೇ ಚಾಲಕ. ಅವನು ಮಲಗಲು ಹೋದ ಮೇಲೆ ಎಂಜಿನ್‌ನಲ್ಲಿ ಬೆಂಕಿ ಕಾಣಿಸಿತು. ಬೆಂಕಿ ಆರಿಸಲು ಬಂದವರು ಎಂಜಿನ್ ನಿಲ್ಲಿಸಿದರು. ಎಂಜಿನ್ ನಿಂತ ಮೇಲೆ ಬ್ರೇಕನ್ನು ಹಿಡಿದಿಟ್ಟಿದ್ದ ಗಾಳಿಯ ಒತ್ತಡ ಮೆಲ್ಲಗೆ ಇಳಿಯಿತು. ಹಾಕಿದ್ದ ಹ್ಯಾಂಡ್ ಬ್ರೇಕುಗಳು ಸಾಲಲಿಲ್ಲ. ಯಾರೂ ಇಲ್ಲದ ರೈಲು ಉರುಳಿ ಬಂದು ಊರಿನ ನಡುವೆ ಹಳಿ ತಪ್ಪಿತು. 47 ಜನ ಸತ್ತರು. ತನಿಖೆಯವರು 18 ಕಾರಣ ಪಟ್ಟಿ ಮಾಡಿದರು.

ನನ್ನನ್ನು ತುಂಬಾ ಕಲಕಿದ್ದು ಇದು: ಆಯಾ ಊರಿನ ನಡುವೆ ಯಾವ ಅಪಾಯಕಾರಿ ಸರಕು ಎಷ್ಟು ಹೋಗುತ್ತಿದೆ ಅಂತ ರೈಲು ಕಂಪನಿಗಳು ಪುರಸಭೆಗಳಿಗೆ ತಿಳಿಸಲೇಬೇಕು ಎಂಬ ಆದೇಶ ಬಂದದ್ದು ಅದೇ ವರ್ಷದ ನವೆಂಬರ್‌ನಲ್ಲಿ. ದುರಂತ ಆದ ಮೇಲೆ. ಅದೂ ತುರ್ತು ಸೇವೆಯ ಅಧಿಕಾರಿಗಳಿಗೆ, ಎಲ್ಲ ಜನರಿಗೆ ಅಲ್ಲ. ಗೊತ್ತೇ ಇಲ್ಲದ ವಿಷಯದ ಬಗ್ಗೆ ಜನ ಹೇಗೆ ಚರ್ಚೆ ಮಾಡಬೇಕು?

ಆಮೇಲೆ ಊರಿನವರು ಪಟ್ಟು ಹಿಡಿದರು. ರೈಲು ಊರಾಚೆ ಹೋಗಲಿ, ಬೈಪಾಸ್ ಹಾಕಿ ಅಂದರು. 2018ರಲ್ಲಿ ಸರ್ಕಾರ ಒಪ್ಪಿತು. ಸುಮಾರು 12 ಕಿಲೊಮೀಟರ್ ಹೊಸ ಹಳಿ. ಆದರೆ ಅದು ಪಕ್ಕದ ಫ್ರಾಂಟೆನಾಕ್‌ನ ಜಮೀನಿನ ಮೇಲೂ ಹಾದುಹೋಗಬೇಕು. ಅಲ್ಲಿನವರಿಗೆ ಬಾವಿ ಬತ್ತುವ ಭಯ, ಜೌಗು ಭೂಮಿ ಹಾಳಾಗುವ ಭಯ. 2023ರಲ್ಲಿ ಆ ಊರಿನಲ್ಲಿ ಮತ ಹಾಕಿದಾಗ ಹತ್ತರಲ್ಲಿ ಒಂಬತ್ತಕ್ಕಿಂತ ಹೆಚ್ಚು ಮತ ಬೈಪಾಸ್ ಬೇಡ ಅಂತ ಬಿದ್ದವು. ದುರಂತವಾಗಿ ಹತ್ತು ವರ್ಷ ಕಳೆದರೂ ರೈಲು ಲಾಕ್-ಮೆಗಾಂಟಿಕ್ ಊರಿನ ನಡುವೆಯೇ ಹೋಗುತ್ತಿತ್ತು. ರಾತ್ರಿ ರೈಲಿನ ಸದ್ದಿಗೆ ಎದ್ದು ಕೂರುವ ತಾಯಿಯೂ ಸರಿ, ತನ್ನ ಬಾವಿಯ ನೀರಿನ ಬಗ್ಗೆ ಕೇಳುವ ರೈತನೂ ಸರಿ. ಯಾರ ಕಡೆ ನಿಲ್ಲಬೇಕು ಅಂತ ಕೇಳಿದರೆ ನನ್ನ ಹತ್ತಿರ ಉತ್ತರ ಇಲ್ಲ. ಇಬ್ಬರನ್ನೂ ಹಳಿಯ ನಕ್ಷೆ ಎಳೆಯುವ ಮೊದಲೇ ಒಂದೇ ಕೋಣೆಯಲ್ಲಿ ಕೂರಿಸಿ, ನೀರಿನ ಬಗ್ಗೆ ಗೊತ್ತಿರುವವರನ್ನೂ ಕರೆಸಿ, ಬೇಕಾದಷ್ಟು ದಿನ ಕೊಡಬೇಕಿತ್ತು ಅಂತ ಮಾತ್ರ ಹೇಳಬಲ್ಲೆ.

ನನ್ನ ಮಾತು ಇಷ್ಟು. ಮುಂದಿನ ತಿಂಗಳು ನಮ್ಮ ನಗರಸಭೆಯ ಸಮಿತಿಯಲ್ಲಿ ಬಸ್ ಮಾರ್ಗಗಳ ವಿಷಯ ಮತ್ತೆ ಬರುತ್ತಿದೆ. ಯಾರು ಬೇಕಾದರೂ ಹೆಸರು ಕೊಟ್ಟು ಮಾತಾಡಬಹುದು, ಬರೆದೂ ಕಳಿಸಬಹುದು. ಆ ಕಾಗದಗಳು ಬಾಗಿಲ ಹತ್ತಿರದ ಮೇಜಿನ ಮೇಲಿವೆ. ಈಗ ನೀವು ಮಾತಾಡಿ. ಮೊದಲು ಹಿಂದಿನ ಸಾಲಿನಲ್ಲಿ ಕೂತಿರುವ ಅಜ್ಜಿಯರು. ನೀವು ಏಳಬೇಡಿ, ಮೈಕ್ ಅಲ್ಲಿಗೇ ತರುತ್ತೇವೆ. ಕನ್ನಡದಲ್ಲೇ ಹೇಳಿ, ನಿಧಾನವಾಗಿ ಹೇಳಿ. ಬರೆದುಕೊಳ್ಳಲು ಇಬ್ಬರು ಕೂತಿದ್ದಾರೆ.